ಯಾರೂ ಹಾಕದ ವೋಟು

ಸೋಮವಾರ ರಾತ್ರಿ ಬೀಸಿದ ಗಾಳಿ ಮಾಲ್ಸ್‌ಬಿ ಎಂಬ ಕಡಲೂರಿನ ಮೀನುದಕ್ಕೆಯಲ್ಲಿ ಒಂದೇ ಒಂದು ಅನಾಹುತ ಮಾಡಿತು. ಕ್ಲೈವ್ ಗಾರ್ಬಟ್‌ನ ಏಡಿ ಗೂಡಂಗಡಿಯ ಮುಂದಿದ್ದ 'ಇಂದಿನ ಏಡಿ ಇಂದೇ' ಎಂಬ ಹಲಗೆಯನ್ನು ಕಿತ್ತು ಸಮುದ್ರಕ್ಕೆ ಒಯ್ದಿತು. ಹಲಗೆ ಹೋದರೆ ಹೋಗಲಿ, ಇನ್ನೊಂದು ಬರೆಸಬಹುದಿತ್ತು. ಆದರೆ ಬೆಳಿಗ್ಗೆ ಏಳಕ್ಕೆ ಬೀಗದ ಕೈ ಹಿಡಿದು ಬಂದ ಕ್ಲೈವ್ ನಿಂತಲ್ಲೇ ನಿಂತ. ಹಲಗೆಯ ಹಿಂದೆ ಒಂಬತ್ತು ವರ್ಷ ತಣ್ಣಗೆ ಮಲಗಿದ್ದ ಪೋಸ್ಟರೊಂದು ಎದ್ದು ಕೂತಿತ್ತು. ಸೈಕಲ್ ಚಕ್ರದಷ್ಟು ಅಗಲ, ಗುಂಡಗೆ. ಅಂಚಿನ ಸುತ್ತ ಕೆಂಪು ಅಕ್ಷರಗಳಲ್ಲಿ 'ಒಕ್ಕೂಟ ಬಿಡೋಣ, ಸಮುದ್ರ ನಮ್ಮದು' ಎಂದು ಬರೆದಿತ್ತು. ನಡುವೆ ಒಂದು ಮೀನು ನಗುತ್ತಿತ್ತು.

ಅದನ್ನು ಅಂಟಿಸಿದವನು ಕ್ಲೈವ್ ಅಲ್ಲ, ದಕ್ಕೆ ಸಂಘದ ಅಧ್ಯಕ್ಷ ರಾಡ್ನಿ ಥ್ವೇಟ್. ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ದೇಶಕ್ಕೆ ದೇಶವೇ ವೋಟು ಹಾಕಿದ ಆ ಬೇಸಿಗೆಯಲ್ಲಿ ರಾಡ್ನಿ ಬಕೆಟ್ಟು ಬ್ರಶ್ಶು ಹಿಡಿದು ಹೊರಟು, ಯಾರನ್ನೂ ಕೇಳದೆ, ದಕ್ಕೆಯ ಹದಿನಾರು ಅಂಗಡಿಗಳಿಗೂ ಇದನ್ನು ಮೆತ್ತಿದ್ದ. ಅಂಟೆಂದರೆ ಅಂತಿಂಥ ಅಂಟಲ್ಲ, ದೋಣಿಯ ತಳದ ಬಿರುಕಿಗೆ ಹಾಕುವಂಥದ್ದು. ಬೇಡ ಎನ್ನಲು ನಾಚಿಕೆಯಾಗಿ ಕ್ಲೈವ್ ಒಂದು ವಾರ ಬಿಟ್ಟು ಅದರ ಮೇಲೆ ಏಡಿಯ ಹಲಗೆ ಹೊಡೆದುಕೊಂಡಿದ್ದ.

ಆಗ ಮಾಲ್ಸ್‌ಬಿಯಲ್ಲಿ ನೂರಕ್ಕೆ ಎಪ್ಪತ್ತೊಂದು ಮಂದಿ ಬಿಡೋಣ ಎಂದೇ ಪೆನ್ಸಿಲಿನ ಗೀಟು ಹಾಕಿದರು. ಮರುದಿನ ಪಬ್ಬಿನಲ್ಲಿ ಮೇಜುಗಳ ಮೇಲೆ ಹತ್ತಿ ಕುಣಿದರು. ಬಿಟ್ಟಿದ್ದೂ ಆಯಿತು. ಸಮುದ್ರ ಎಲ್ಲಿತ್ತೋ ಅಲ್ಲೇ ಇತ್ತು. ಹೊಸದಾಗಿ ಬಂದದ್ದು ಕಾಗದ. ಮೊದಲು ಬೆಳಿಗ್ಗೆ ಹಿಡಿದ ಏಡಿ ಮಾರನೆಯ ದಿನ ಫ್ರಾನ್ಸಿನವರ ತಟ್ಟೆಯಲ್ಲಿರುತ್ತಿತ್ತು. ಈಗ ಒಂದು ಲಾರಿ ಏಡಿಗೆ ನಲವತ್ತೆರಡು ಪುಟ, ಪ್ರತಿ ಪುಟಕ್ಕೂ ಪಶುವೈದ್ಯರ ಮೊಹರು. ಪುಟ ಹೆಚ್ಚಿದ ಹಾಗೆಲ್ಲ ಗೋಡೆಯ ಮೇಲಿನ ಪೋಸ್ಟರುಗಳು, ಗಾರೆಯ ಚಕ್ಕೆ ಸಮೇತ, ಒಂದೊಂದಾಗಿ ಮಾಯವಾದವು. ಆಮೇಲೆ ಯಾರನ್ನು ಕೇಳಿದರೂ ಒಂದೇ ಉತ್ತರ: ನಾನಂತೂ ಹಾಕಲಿಲ್ಲಪ್ಪ. ಆ ಎಪ್ಪತ್ತೊಂದು ಮಂದಿ ಎಲ್ಲಿಗೆ ಹೋದರೋ ದೇವರೇ ಬಲ್ಲ. ಗೆದ್ದೆತ್ತಿನ ಬಾಲ ಹಿಡಿಯಲು ಊರಿಗೆ ಊರೇ ಓಡಿತ್ತು, ಎತ್ತು ಸೆಗಣಿ ಹಾಕಿದ ಮೇಲೆ ಬಾಲ ಮುಟ್ಟಿದವರೇ ಇಲ್ಲ.

ಇಷ್ಟರ ಮೇಲೆ ಅವತ್ತು ದಿನವೂ ಸರಿಯಿರಲಿಲ್ಲ. ಹದಿನೇಳನೆಯ ಪುಟದಲ್ಲಿ ಮೊಹರಿಲ್ಲವೆಂದು ಫ್ರಾನ್ಸಿನವರು ಊರಿನ ಏಡಿ ಲಾರಿಯನ್ನು ಹಿಂದಕ್ಕೆ ಕಳಿಸಿದ್ದರು. ಅದು ಬೆಳಗಿನ ಜಾವ ಬಂದು ದಕ್ಕೆಯ ತುದಿಯಲ್ಲಿ ನಿಂತಿತ್ತು. ಒಳಗಿದ್ದ ಏಡಿಗಳು ದಾರಿಯಲ್ಲೇ ಪ್ರಾಣ ಬಿಟ್ಟಿದ್ದವು, ಮತ್ತು ಅದನ್ನು ಊರಿನ ಪ್ರತಿಯೊಂದು ಮೂಗಿಗೂ ತಿಳಿಸುತ್ತಿದ್ದವು. ಸಂಜೆ ಆರಕ್ಕೆ ಸಂಘದ ಸಭೆ. ಅದೇ ಸಭೆಯಲ್ಲಿ ಕ್ಲೈವ್‌ನ ಅಂಗಡಿಯ ಗುತ್ತಿಗೆ ಮುಂದಿನ ಏಳು ವರ್ಷಕ್ಕೆ ಮುಂದುವರಿಯಬೇಕಿತ್ತು. ಅವನ ಅಪ್ಪನೂ ಅದೇ ಗೂಡಿನಲ್ಲಿ ನಿಂತು ಏಡಿ ಬೇಯಿಸಿದವನು. ಕ್ಲೈವ್‌ಗೆ ಐವತ್ತೆಂಟು ವರ್ಷ, ಏಡಿ ಸ್ಯಾಂಡ್‌ವಿಚ್ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ.

ಅವನು ಚಾಕುವಿನಿಂದ ಪೋಸ್ಟರಿನ ಅಂಚು ಕೆರೆಯುತ್ತಿರುವಾಗ ಎದುರಿನ ಮೀನು-ಚಿಪ್ಸ್ ಅಂಗಡಿಯ ಬ್ರೆಂಡಾ ಸ್ಪಿಂಕ್ ಹೊರಗೆ ಬಂದಳು.

"ಅಂತೂ ಒಬ್ಬ ಸಿಕ್ಕ ನೋಡು," ಎಂದಳು.

"ಇದು ನಾನು ಅಂಟಿಸಿದ್ದಲ್ಲ ಬ್ರೆಂಡಾ. ನಿನ್ನ ಅಂಗಡೀಗೂ ಇತ್ತಲ್ಲ. ನಿಂಗೆ ಎರಡಿತ್ತು."

"ನಂದಾ? ಅದು ಮೀನಿನ ಚಿತ್ರ ಚೆನ್ನಾಗಿದೆ ಅಂತ ಇಟ್ಕೊಂಡಿದ್ದು. ಅಕ್ಷರ ಓದೋಕೆ ನನ್ನ ಹತ್ರ ಕನ್ನಡಕಾನೇ ಇರ್ಲಿಲ್ಲ ಆವಾಗ."

ಅಷ್ಟರಲ್ಲಿ ಲೆನ್ ಕೌಲಿಂಗ್ ಬಂದ. ಸತ್ತ ಏಡಿಗಳಲ್ಲಿ ಅರ್ಧ ಇವನ ದೋಣಿಯವು. ಬೆಳಗಿನಿಂದ ಬೈಯಲು ಒಂದು ಮುಖ ಹುಡುಕುತ್ತಿದ್ದ. ಆದರೆ ಕ್ಲೈವ್‌ನ ಪೆಚ್ಚು ಮೋರೆ ನೋಡಿ ಮರುಕ ಬಂತೋ ಏನೋ, "ಕೆರೆದ್ರೆ ಹೋಗಲ್ಲ ಕಣೋ ಅದು. ಡೀಸೆಲ್ ಹಾಕಿ ಉಜ್ಜು," ಎಂದು ತನ್ನ ಕ್ಯಾನೇ ಕೊಟ್ಟ.

ಕ್ಲೈವ್ ಉಜ್ಜಿದ. ಒಂಬತ್ತು ವರ್ಷದ ಕೊಳೆಯೆಲ್ಲ ಹೋಯಿತು, ಪೋಸ್ಟರು ಉಳಿಯಿತು. ಈಗ ಅದು ನಿನ್ನೆ ಅಂಟಿಸಿದಂತೆ ಹೊಳೆಯುತ್ತಿತ್ತು. ಮೀನಿನ ಹಲ್ಲು ಕೂಡ ಎಣಿಸಬಹುದಿತ್ತು. ಅಂಗಡಿಯ ಮುಂದೆ ಡೀಸೆಲ್ ವಾಸನೆ, ದಕ್ಕೆಯ ತುದಿಯಿಂದ ಲಾರಿಯ ವಾಸನೆ. ಬೆಳಿಗ್ಗೆ ಬಂದ ಮೂವರು ಗಿರಾಕಿಗಳು ಸ್ಯಾಂಡ್‌ವಿಚ್ಚನ್ನು ಮೂಸಿ, "ಕ್ಷಮಿಸಿ, ಇದ್ದಕ್ಕಿದ್ದ ಹಾಗೆ ಹೊಟ್ಟೆ ತುಂಬಿದ ಹಾಗಾಯ್ತು," ಎಂದು ಬಹಳ ವಿನಯದಿಂದ ಹೊರಟುಹೋದರು.

ಹತ್ತು ಗಂಟೆಗೆ ಹೆಂಡತಿ ಡೋರೀನ್ ಬ್ರೆಡ್ಡಿನ ಬುಟ್ಟಿ ತಂದಳು. ಪೋಸ್ಟರು ನೋಡಿದಳು, ಗಂಡನನ್ನು ನೋಡಿದಳು.

"ಇವತ್ತೇ ಆಗ್ಬೇಕಿತ್ತಾ ಇದು? ಸಂಜೆ ಗುತ್ತಿಗೆ ಇದೆ ಅಂತ ನೆನಪಿದೆ ತಾನೆ?"

"ನೆನಪಿರೋದಕ್ಕೇ ಬೆಳಗಿನಿಂದ ಉಜ್ಜುತ್ತಿರೋದು."

"ಮನೇಲಿ ಅಂಗಡಿಗೆ ಬಳಿದು ಉಳಿದ ನೀಲಿ ಬಣ್ಣ ಇದೆ. ಬಳಿದು ಮುಚ್ಚು. ಮೀನೂ ಬೇಡ, ಸಮುದ್ರಾನೂ ಬೇಡ."

ಬುದ್ಧಿವಂತಿಕೆಯ ಮಾತೇ. ಕ್ಲೈವ್ ನೀಲಿ ಬಣ್ಣ ಬಳಿದ. ಮೀನು ಮುಳುಗಿತು. ಆದರೆ ಡೀಸೆಲ್ ಕುಡಿದಿದ್ದ ಕೆಂಪು ಅಕ್ಷರಗಳು ಮುಳುಗಲೊಲ್ಲವು. ಎರಡು ಸಲ ಬಳಿದರೂ ಸುತ್ತಲೂ ತಲೆಯೆತ್ತಿ ಇಣುಕಿದವು. ಕ್ಲೈವ್ ಗಲ್ಲಾದ ಕೆಳಗೆ ತಡಕಾಡಿದ. ಬೆಲೆ ಬರೆಯುವ ರಟ್ಟಿನ ಚೀಟಿಗಳ ಕಟ್ಟು ಸಿಕ್ಕಿತು. ಅಲ್ಲಿ ಎಲ್ಲ ಅಂಗಡಿಗಳಲ್ಲೂ ಇಡುವಂಥ, ಕಣ್ಣು ಕುಕ್ಕುವ ಹಳದಿಯ ನಕ್ಷತ್ರದ ಚೀಟಿಗಳು. ಒಂದೊಂದೇ ಅಕ್ಷರ ಮುಚ್ಚುತ್ತ ಗುಂಡಗೆ ಅಂಟಿಸಿಕೊಂಡು ಬಂದ. ಕ್ಲೈವ್ ಅಚ್ಚುಕಟ್ಟಿನ ಮನುಷ್ಯ, ಒಂದರಿಂದ ಒಂದಕ್ಕೆ ಸಮನಾದ ಅಂತರ ಬಿಟ್ಟ. ಕಟ್ಟಿನಲ್ಲಿ ಇದ್ದದ್ದು ಹನ್ನೆರಡು, ಹನ್ನೆರಡೂ ಖರ್ಚಾದವು. ಅಂತೂ ಮುಗಿಯಿತೆಂದು ಕೈ ತೊಳೆದು ಚಹಾಕ್ಕೆ ನೀರಿಟ್ಟ.

ಹೊರಗೆ ಯಾರೋ ಮೂಗೆಳೆದ ಸದ್ದಾಯಿತು. ಬಗ್ಗಿ ನೋಡಿದರೆ ಮಿಸ್ ಹಾಲ್ಡೇನ್. ಊರಿನ ಅರ್ಧ ಜನಕ್ಕೆ ಕಾಗುಣಿತ ಕಲಿಸಿ ನಿವೃತ್ತಿಯಾದ ಮುದುಕಿ. ಒಕ್ಕೂಟದಲ್ಲೇ ಇರೋಣ ಎಂದು ಅವತ್ತೂ ಹೇಳಿದವಳು, ಇವತ್ತೂ ಹೇಳುವವಳು, ನಾಳೆ ಸತ್ತರೆ ಗೋರಿಯ ಮೇಲೂ ಬರೆಸುವವಳು. ಕರವಸ್ತ್ರ ಕಣ್ಣಿಗೆ ಒತ್ತಿಕೊಂಡು ನಿಂತಿದ್ದಳು.

"ಕ್ಲೈವ್, ನಿನ್ನಲ್ಲಿ ಇಷ್ಟು ಧೈರ್ಯ ಇದೆ ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ ಮಗು. ಕ್ಲಾಸಲ್ಲಿ ಯಾವಾಗ್ಲೂ ಕೊನೇ ಬೆಂಚಲ್ಲಿ ಕೂತಿರ್ತಿದ್ದೆ."

"ಯಾವ ಧೈರ್ಯ ಮಿಸ್?"

"ಅದೇ ದೊಡ್ಡತನ. ಮಾಡೋದು ಮಾಡಿ ಏನೂ ಗೊತ್ತಿಲ್ಲ ಅನ್ನೋದು," ಎಂದು ಮುದುಕಿ ನಾಲ್ಕು ಹೆಜ್ಜೆ ಹಿಂದೆ ಸರಿದು ಫೋನಿನಲ್ಲಿ ಚಿತ್ರ ತೆಗೆದಳು. ಕ್ಲೈವ್ ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತು ತನ್ನ ಅಂಗಡಿಯನ್ನು ನೋಡಿದ. ನೀಲಿಯ ಮೇಲೆ ಹನ್ನೆರಡು ಹಳದಿ ನಕ್ಷತ್ರ, ಗುಂಡಗೆ. ಒಕ್ಕೂಟದ ಬಾವುಟವನ್ನು ಒಕ್ಕೂಟದವರೂ ಇಷ್ಟು ಚೆನ್ನಾಗಿ ಹಾರಿಸಿರಲಿಲ್ಲ.

ಚಿತ್ರ ಅರ್ಧ ಗಂಟೆಯಲ್ಲಿ ಊರೆಲ್ಲ ಸುತ್ತಿತು. ಲೆನ್ ಇನ್ನಿಬ್ಬರು ದೋಣಿಯವರನ್ನು ಕಟ್ಟಿಕೊಂಡು ಬಂದ. ಬೆಳಗಿನ ಮರುಕ ಅವನ ಮುಖದಲ್ಲಿ ಹುಡುಕಿದರೂ ಇರಲಿಲ್ಲ.

"ಬೆಳಿಗ್ಗೆ ಅವ್ರು ನಮ್ಮ ಏಡಿ ವಾಪಸ್ ಕಳ್ಸಿದಾರೆ, ಮಧ್ಯಾಹ್ನ ನೀನು ಅವ್ರ ಬಾವುಟ ಹಾಕ್ಕೊಂಡ್ ಕೂತಿದೀಯ. ಡೀಸೆಲ್ ಬೇರೆ ನಂದು."

"ಅದು ಏಡಿ ರೇಟಿನ ಚೀಟಿ ಲೆನ್. ಬೇಕಾದ್ರೆ ಹತ್ರ ಬಂದು ಮುಟ್ಟಿ ನೋಡು."

"ರೇಟ್ ಎಲ್ಲಿದೆ ಅದ್ರಲ್ಲಿ?"

ರೇಟು ಬರೆದಿರಲಿಲ್ಲ. ಕ್ಲೈವ್ ಗಡಬಡಿಸಿ ಆರು ನಕ್ಷತ್ರ ಕಿತ್ತ. ಕಿತ್ತ ಕಡೆ 'ಬಿಡೋಣ' ಎಂಬ ಕೆಂಪು ಅಕ್ಷರಗಳು ಮತ್ತೆ ಮೇಲೆದ್ದವು. ಅದನ್ನು ನೋಡಿದ ಮಿಸ್ ಹಾಲ್ಡೇನ್‌ಗೆ ಕಣ್ಣೀರು ಅಲ್ಲೇ ಇಂಗಿತು. "ಓ, ಹೀಗೋ? ನೀನೂ ಅವ್ರಲ್ಲಿ ಒಬ್ಬನಾ?" ಎಂದಳು. ಅವಳಿಗಾಗಿ ಮೂರು ನಕ್ಷತ್ರ ಮತ್ತೆ ಅಂಟಿಸಿದರೆ ಲೆನ್ ತೋಳು ಮಡಿಸಿದ. ಎಡಗಡೆಯಿಂದ ಬಂದವರಿಗೆ ಕ್ಲೈವ್ ದೇಶ ಕೆಡಿಸಿದವನಾಗಿ ಕಂಡ, ಬಲಗಡೆಯಿಂದ ಬಂದವರಿಗೆ ದೇಶದ್ರೋಹಿಯಾಗಿ ಕಂಡ. ಊರಿನ ಎರಡು ಪಕ್ಷಗಳ ಬೈಗುಳವನ್ನೂ ಒಂದೇ ದಿನ, ಒಂದೇ ಗೋಡೆಗೆ ಸಂಪಾದಿಸಿದ ಕೀರ್ತಿ ಅವನದು.

ಮೂರು ಗಂಟೆಗೆ ಅಧ್ಯಕ್ಷ ರಾಡ್ನಿ ಥ್ವೇಟ್‌ನ ಸವಾರಿ ಬಂತು. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ನಗು. ಆ ಲಾರಿಯ ನಲವತ್ತೆರಡು ಪುಟಗಳೂ ಅವನ ಕಚೇರಿಯಿಂದಲೇ ಹೊರಟದ್ದೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಅವನ ಎದುರು ಅದನ್ನು ಎತ್ತಿದವರಿಲ್ಲ, ಏಕೆಂದರೆ ಎಲ್ಲರ ಗುತ್ತಿಗೆಯೂ ಅವನ ಕಪಾಟಿನಲ್ಲಿತ್ತು.

"ರಾಡ್ನಿ, ನೀನೇ ಹೇಳು ಇವ್ರಿಗೆ," ಎಂದ ಕ್ಲೈವ್. "ಇದನ್ನ ಅಂಟಿಸಿದ್ದು ನೀನು."

"ಅಂಟಿಸಿರಬಹುದು. ನಾನು ಎಷ್ಟೋ ಅಂಟಿಸಿದೀನಿ. ಬೇರೆಯವ್ರೆಲ್ಲ ತೆಗೆದ್ರು, ನೀನು ಹಲಗೆ ಹೊಡೆದು ಕಾಪಾಡ್ಕೊಂಡೆ. ಅಂಟಿಸೋದು ದೊಡ್ಡ ವಿಷಯ ಅಲ್ಲ ಕ್ಲೈವ್, ಇಟ್ಕೊಳ್ಳೋದು ದೊಡ್ಡ ವಿಷಯ." ಭುಜ ತಟ್ಟಿದ. "ನಂಗೆ ನಿನ್ನ ಮೇಲೆ ಏನೂ ಇಲ್ಲಪ್ಪ. ಸಂಜೆ ಸಭೇಲಿ ಎಲ್ಲರ ಮುಂದೆ ಮಾತಾಡೋಣ."

ಸಭೆ ಚರ್ಚಿನ ಹಾಲ್‌ನಲ್ಲಿ, ಊರವರಿಗೆಲ್ಲ ಪ್ರವೇಶ. ನಲವತ್ತು ಕುರ್ಚಿ, ಮೂಲೆಯಲ್ಲಿ ಚಹಾದ ದೊಡ್ಡ ಹಂಡೆ, ಪಕ್ಕದಲ್ಲಿ ಮುಚ್ಚಿದ ಬಿಸ್ಕತ್ತಿನ ಡಬ್ಬಿ. ಏಳೂವರೆಗೆ ಹೆಣಿಗೆ ಸಂಘದವರಿಗೆ ಹಾಲ್ ಬಿಟ್ಟುಕೊಡಬೇಕಿತ್ತು. ಕ್ಲೈವ್ ಮತ್ತು ಡೋರೀನ್ ನಾಲ್ಕನೇ ಸಾಲಿನಲ್ಲಿ ಕೂತರು. ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು.

ಲೆನ್ ಎದ್ದು, "ಹದಿನೇಳನೇ ಪುಟಕ್ಕೆ ಮೊಹರು ಯಾಕಿಲ್ಲ? ನಂಗೆ ಅದೊಂದು ಗೊತ್ತಾಗ್ಬೇಕು," ಎಂದ.

"ಒಳ್ಳೇ ಪ್ರಶ್ನೆ," ಎಂದ ರಾಡ್ನಿ. "ಆದ್ರೆ ಒಂದು ಪುಟ ಹಿಡ್ಕೊಂಡು ಜಗ್ಗಾಡೋದು ಸಣ್ಣತನ ಲೆನ್. ಆ ನಲವತ್ತೆರಡು ಪುಟ ಬಂದಿದ್ದಾದ್ರೂ ಯಾಕೆ? ಒಕ್ಕೂಟ ಬಿಟ್ಟಿದ್ದಕ್ಕೆ. ಬಿಟ್ಟಿದ್ದು ಯಾರಿಂದ? ಬೇರಿಗೆ ಹೋಗೋಣ. ಬಿಡೋಣ ಅಂತ ವೋಟು ಹಾಕ್ದೋರು ದಯವಿಟ್ಟು ಕೈ ಎತ್ತಿ."

ಹಾಲ್‌ನಲ್ಲಿ ಒಂದು ಕೈಯೂ ಏಳಲಿಲ್ಲ. ಕೆಲವರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

"ನೋಡಿದ್ರಾ," ಎಂದ ರಾಡ್ನಿ, ತನ್ನೆರಡು ಕೈಗಳನ್ನೂ ಮೇಜಿನ ಮೇಲೆ ಭದ್ರವಾಗಿ ಊರಿಕೊಂಡು. "ನಮ್ಮಲ್ಲಿ ಯಾರೂ ಇಲ್ಲ. ಇವತ್ತು ಬೆಳಿಗ್ಗೆ ಪೋಸ್ಟರ್ ಸಮೇತ ಸಿಕ್ಕಿರೋನು ಒಬ್ಬ ಇದ್ದಾನೆ, ಅಷ್ಟೆ."

"ಅವನು ಬಾವುಟ ಸಮೇತ ಸಿಕ್ಕಿದಾನೆ," ಎಂದ ಲೆನ್.

"ಪೋಸ್ಟರೋ ಬಾವುಟವೋ, ಯಾವ್ದಾದ್ರೂ ಒಂದು ಒಪ್ಕೊಳ್ಳಲಿ," ಎಂದಳು ಮಿಸ್ ಹಾಲ್ಡೇನ್. "ಎದ್ದು ನಿಂತು ಹೇಳು ಕ್ಲೈವ್. ಅವತ್ತು ಯಾವ ಕಡೆ ಹಾಕಿದೆ?"

ಕ್ಲೈವ್ ಎದ್ದು ನಿಂತ. ಒಂಬತ್ತು ವರ್ಷ ಹೆಂಡತಿಗೂ ಹೇಳದ ಮಾತು ಅದು. ಆದರೆ ಅಂಗಡಿ ಹೋಗುವ ಹೊತ್ತಿನಲ್ಲಿ ಮಾನ ಕಾಯ್ದುಕೊಂಡು ಏನು ಪ್ರಯೋಜನ?

"ನಾನು ಯಾವ ಕಡೇಗೂ ಹಾಕ್ಲಿಲ್ಲ ಮಿಸ್. ನಾನು ವೋಟೇ ಹಾಕ್ಲಿಲ್ಲ."

"ಏನು?" ಎಂದಳು ಡೋರೀನ್.

"ಹಾಕೋಕೇ ಬಂದಿದ್ದೆ. ಅಂಗಡಿ ಮುಚ್ಚಿ ರಾತ್ರಿ ಒಂಬತ್ತೂವರೆಗೆ ಬಂದೆ. ಇದೇ ಹಾಲ್‌ನಲ್ಲಿ ತಾನೆ ವೋಟು ನಡೆದಿದ್ದು? ಆ ಬಾಗಿಲಿನ ಸ್ಪ್ರಿಂಗ್ ಆವಾಗ ಕೆಟ್ಟಿತ್ತು, ಬಿಟ್ರೆ ಮುಖಕ್ಕೇ ಬಂದು ಬಡೀತಿತ್ತು. ನಾನು ಬಾಗಿಲು ತಳ್ಳಿದೆ, ಹಿಂದೆ ಒಬ್ರು ಬರ್ತಿದ್ರು. ಹಿಡ್ಕೊಂಡೆ. ಅವ್ರ ಹಿಂದೆ ಇನ್ನೊಬ್ರು. ಆಮೇಲೆ ವೃದ್ಧಾಶ್ರಮದ ಬಸ್ ಬಂತು. ಅಷ್ಟೊಂದ್ ವಯಸ್ಸಾದೋರು, ಕೋಲು, ಗಾಲಿಕುರ್ಚಿ... ಎಲ್ಲಿ ಬಿಡೋದು ಬಾಗಿಲ್ನ? ಹತ್ತು ಹೊಡೀತು, ವೋಟಿನ ಹೊತ್ತು ಮುಗೀತು. ಅಧಿಕಾರಿ ಬಂದು, 'ನೀವು ವೋಟಿನ ಸಾಲಲ್ಲಿದ್ದೀರಾ?' ಅಂತ ಕೇಳಿದ್ರು."

"ಹೌದು ಅನ್ಬೇಕಿತ್ತು," ಎಂದ ಲೆನ್.

"ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ಈಗ ಸಾಲಲ್ಲಿದ್ದೆ ಅಂದ್ರೆ ನುಗ್ಗೋಕೆ ನೋಡ್ತಿದಾನೆ ಅಂದ್ಕೊಳ್ಳಲ್ವಾ? ಇಲ್ಲ ಇಲ್ಲ, ನಾನು ಸುಮ್ನೆ ಬಾಗಿಲು ಹಿಡ್ಕೊಂಡಿದೀನಿ ಅಂದೆ. ಗುಡ್ ನೈಟ್ ಹೇಳಿ ಮನೇಗ್ ಹೋದೆ."

ಅಲ್ಲಿದ್ದವರಲ್ಲಿ ಯಾರಿಗೂ ಈ ಕತೆ ನಂಬಲಾರದ್ದೆನಿಸಲಿಲ್ಲ. ಅವನ ಜಾಗದಲ್ಲಿ ತಾವಿದ್ದರೂ ಅಷ್ಟೇ ಮಾಡುತ್ತಿದ್ದರು.

"ನಿಜ," ಎಂದಳು ಬ್ರೆಂಡಾ ನಿಧಾನವಾಗಿ. "ನಂಗೂ ಹಿಡಿದಿದ್ದ. ನೆನಪಿದೆ."

"ನಂಗೂ," ಎಂದ ಲೆನ್. ಹಿಂದಿನ ಸಾಲುಗಳಿಂದಲೂ ಹೌದು ಹೌದು ಎಂಬ ಮಾತು ಎದ್ದಿತು. ಕ್ಲೈವ್‌ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ನಾಲ್ಕು ಜನ ಸಾಕ್ಷಿ ಹೇಳಿದರು, ತಪ್ಪು ತನ್ನದಲ್ಲವೆಂದು ಊರಿಗೇ ತಿಳಿಯಿತು. ಇನ್ನು ಗುತ್ತಿಗೆಗೆ ಏನು ಅಡ್ಡಿ? ಅವನು ಕೂರಲು ಬಗ್ಗಿದ.

"ನಿಜ ಹೇಳ್ಬೇಕಂದ್ರೆ," ಎಂದು ಬ್ರೆಂಡಾ ಮುಂದುವರಿಸಿದಳು, "ನಂಗೆ ಅವತ್ತು ವೋಟು ಹಾಕೋ ಮನಸ್ಸೇ ಇರ್ಲಿಲ್ಲ. ಕಾಲು ನೋಯ್ತಿತ್ತು, ಮನೆ ಕಡೆ ಹೊರಟಿದ್ದೆ. ಅಷ್ಟು ದೂರದಿಂದ ನನ್ನ ನೋಡಿ ಇವ್ನು ಬಾಗಿಲು ತೆಗೆದು ನಿಂತ್ಕೊಂಡ. ಅಷ್ಟು ಹೊತ್ತು ಹಿಡ್ಕೊಂಡಿದಾನೆ, ಹೋಗ್ದಿದ್ರೆ ಏನಂದ್ಕೊಳ್ತಾನೋ ಅಂತ ಓಡಿ ಓಡಿ ಒಳಗೆ ಹೋದೆ. ಒಳಗೆ ಹೋದ್ಮೇಲೆ ಏನಾದ್ರೂ ಒಂದು ಗೀಟು ಹಾಕ್ಲೇಬೇಕಲ್ಲ."

ಲೆನ್ ಗಲ್ಲ ಕೆರೆದುಕೊಂಡ. "ನಾನು ಪಬ್ಬಿಗೆ ಹೊರಟೋನು. ಇವ್ನು ಬಾಗಿಲು ಹಿಡ್ಕೊಂಡು, 'ಬಾ ಲೆನ್, ನೀನು ಮೊದ್ಲು' ಅಂದ. ಅನ್ನದೆ ಇದ್ದಿದ್ರೆ ಖಂಡಿತ ನಾನು ಒಳಗೆ ಬರ್ತಿರ್ಲಿಲ್ಲ."

ಆಮೇಲೆ ಕಟ್ಟೆಯೊಡೆದ ಹಾಗಾಯಿತು. ಒಂಬತ್ತು ವರ್ಷ ಕಾಣೆಯಾಗಿದ್ದ ಎಪ್ಪತ್ತೊಂದು ಮಂದಿ ಕುರ್ಚಿಯಿಂದ ಕುರ್ಚಿಗೆ ಪ್ರತ್ಯಕ್ಷರಾಗತೊಡಗಿದರು. ಹೌದು, ಬಿಡೋಣ ಎಂದೇ ಹಾಕಿದ್ದೆವು, ಆದರೆ ನಾವಾಗಿ ಒಳಗೆ ಹೋದವರಲ್ಲ. ಇವನು ಬಾಗಿಲು ಹಿಡಿದ, ಹೋಗದಿದ್ದರೆ ಒರಟುತನವಾಗುತ್ತಿತ್ತು. ವೃದ್ಧಾಶ್ರಮದ ಬಸ್ಸಿನವರು ಈಗ ಬಹುತೇಕ ಸ್ವರ್ಗಸ್ಥರು, ಅವರ ಪರವಾಗಿಯೂ ಯಾರೋ ಎದ್ದು ಅದನ್ನೇ ಹೇಳಿದರು. ಎಲ್ಲರ ಮುಖದ ಮೇಲೂ ಹಳೆಯ ಹಲ್ಲುನೋವು ಇಳಿದಂಥ ಕಳೆ ಬಂತು.

ಕ್ಲೈವ್ ದಿಕ್ಕುಗಾಣದೆ ಮಿಸ್ ಹಾಲ್ಡೇನ್‌ಳನ್ನು ನೋಡಿದ. ಅವಳಾದರೂ ಬಿಡೋಣ ಎನ್ನದವಳು.

"ನನ್ನ ನೋಡಬೇಡ," ಎಂದಳು ಆಕೆ. "ನೀನು ಅವ್ರಿಗೆಲ್ಲ ಬಾಗಿಲು ಹಿಡಿಯೋ ಬದ್ಲು ಒಳಗೆ ಬಂದು ಗೀಟು ಹಾಕಿದ್ರೆ ನಮಗೊಂದು ವೋಟಾದ್ರೂ ಹೆಚ್ಚಾಗ್ತಿತ್ತು. ಹಾಕಿದೋರನ್ನ ಕ್ಷಮಿಸಬಹುದು ಕ್ಲೈವ್, ಅವ್ರಿಗೆ ತಿಳೀಲಿಲ್ಲ. ಹಾಕದೇ ಇದ್ದೋನ್ನ ಹೇಗೆ ಕ್ಷಮಿಸೋದು?"

ಲೆನ್ ಕೌಲಿಂಗ್ ಮಿಸ್ ಹಾಲ್ಡೇನ್‌ಗೆ ತಲೆದೂಗಿದ. ಒಕ್ಕೂಟ ಬಿಟ್ಟಂದಿನಿಂದ ಪರಸ್ಪರ ಮಾತು ಬಿಟ್ಟಿದ್ದವರು ಅವರಿಬ್ಬರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹಳೆಯ ಪದ್ಧತಿ. ಮಾಲ್ಸ್‌ಬಿಯವರು ಎಮ್ಮೆಯ ಒಪ್ಪಿಗೆಯನ್ನೂ ಪಡೆದು ಹಾಕುವವರು, ಅಷ್ಟೇ ವ್ಯತ್ಯಾಸ.

ರಾಡ್ನಿ ಗಡಿಯಾರ ನೋಡಿದ. ಏಳೂ ಇಪ್ಪತ್ತು. ಬಾಗಿಲ ಗಾಜಿನಾಚೆ ಹೆಣಿಗೆ ಸಂಘದವರು ಚೀಲ ಹಿಡಿದು ನಿಂತಿದ್ದರು.

"ನಿರ್ಣಯ ಹೀಗಿದೆ," ಎಂದ. "ಊರಿಗೆ ಬಂದ ಕಷ್ಟಕ್ಕೆಲ್ಲ ಕ್ಲೈವ್ ಗಾರ್ಬಟ್ ಹೊಣೆ. ಆತನ ಅಂಗಡಿಯ ಗುತ್ತಿಗೆ ಮುಂದುವರಿಸೋದಿಲ್ಲ. ಅಂಗಡಿ ಪಾಳು ಬೀಳ್ಬಾರ್ದಲ್ಲ, ಅದರ ಜವಾಬ್ದಾರಿ ಸದ್ಯಕ್ಕೆ ನಾನೇ ಹೊರ್ತೀನಿ." ಅವನು ಯಾವುದಾದರೊಂದು ಜವಾಬ್ದಾರಿ ಹೊರುತ್ತೇನೆಂದದ್ದು ಇದೇ ಮೊದಲು, ಸಭೆ ಚಪ್ಪಾಳೆ ತಟ್ಟಿತು. "ನಿಯಮದ ಪ್ರಕಾರ ಗುತ್ತಿಗೆ ತಪ್ಪಿಸೋಕೆ ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಒಬ್ಬರು ವಿರೋಧಿಸಿದ್ರೂ ನಿರ್ಣಯ ಬಿದ್ದುಹೋಗುತ್ತೆ. ಯಾರದಾದ್ರೂ ವಿರೋಧ ಇದೆಯಾ?"

ಡೋರೀನ್ ಗಂಡನ ತೊಡೆ ಚಿವುಟಿದಳು. ಅಂಗಡಿಯಿದ್ದವರೆಲ್ಲ ಸಂಘದ ಸದಸ್ಯರೇ. ಕ್ಲೈವ್‌ಗೂ ಒಂದು ಕೈ ಇತ್ತು.

ಆ ಕೈ ಮೊಣಕಾಲಿನಿಂದ ಒಂದು ಗೇಣು ಮೇಲೆದ್ದಿತು. ಹಂಡೆಯಲ್ಲಿ ಚಹಾ ಕುದಿಯುತ್ತಿತ್ತು. ಬ್ರೆಂಡಾ ಆಗಲೇ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಮುಂದಿನ ಸಾಲಿನವರು ತಿರುಗಿ ನೋಡಿದರು, ಸಿಟ್ಟಿನಿಂದಲ್ಲ, ಇವನು ತಡ ಮಾಡುವುದಿಲ್ಲ ತಾನೆ ಎಂಬ ಸಣ್ಣ ನಗೆಯಿಂದ. ಕ್ಲೈವ್ ಮೇಲೆದ್ದ ಕೈಯಿಂದ ಕಿವಿ ಕೆರೆದುಕೊಂಡು ಕೆಳಗಿಳಿಸಿದ.

"ಸರ್ವಾನುಮತ," ಎಂದು ರಾಡ್ನಿ ಬರೆದುಕೊಂಡ.

ಕುರ್ಚಿಗಳು ಸರಿದವು. ಎಲ್ಲರೂ ಹಂಡೆಯ ಕಡೆ ನಡೆದರು. ಡೋರೀನ್ ಅಲ್ಲಾಡಲಿಲ್ಲ.

"ಒಂದು ಕೈ," ಎಂದಳು. "ಒಂದೇ ಒಂದು ಕೈ ಎತ್ತಿದ್ರೆ ಅಂಗಡಿ ಉಳೀತಿತ್ತಲ್ಲ."

"ಗೊತ್ತು ಕಣೆ. ಎಲ್ರೂ ಚಹಾಕ್ಕೆ ಕಾಯ್ತಿದ್ರು. ನಾನೊಬ್ನೇ ನಡುವೆ..." ಎಂದ ಕ್ಲೈವ್.

ರಾಡ್ನಿ ತಾನೇ ಒಂದು ಬಟ್ಟಲು ಚಹಾ ತಂದು ಅವನ ಕೈಗಿಟ್ಟ. ಬಟ್ಟಲಿನ ಪಕ್ಕ ಎರಡು ಬಿಸ್ಕತ್ತು.

"ಮನಸ್ಸಿಗೆ ಹಚ್ಕೋಬೇಡ ಕ್ಲೈವ್. ಏಡಿ ಬೇಯಿಸೋದು ನಂಗೇನು ಗೊತ್ತು? ನಾಳೆಯಿಂದ ಅಂಗಡೀಲಿ ನಿಲ್ಲೋಕೆ ಒಬ್ಬ ಕೆಲಸದವನು ಬೇಕೇ ಬೇಕು. ನೀನೇ ಬಂದ್ಬಿಡು. ಏಳಕ್ಕಲ್ಲ, ಆರೂವರೆಗೆ. ಬೀಗದ ಕೈ ದಿನಾ ಬೆಳಿಗ್ಗೆ ನನ್ನ ಹತ್ರ ಇಸ್ಕೋ."

ಕ್ಲೈವ್ ಜೇಬಿನಿಂದ ಬೀಗದ ಕೈ ತೆಗೆದು ಅವನಿಗೆ ಕೊಟ್ಟು, "ಥ್ಯಾಂಕ್ಯೂ ರಾಡ್ನಿ," ಎಂದ.